ಬಾಣಂತಿ ಗಾಡಿಯ ಗೇರ್‌ಬಾಕ್ಸು

ಟೋಯಿಂಗ್ ಲಾರಿಯವರು ಆ ಬಿಳಿ ಕಾರನ್ನು ಬೆನ್ನ ಮೇಲಿಂದ ಇಳಿಸಿ, ಸಹಿ ಹಾಕಿಸಿಕೊಂಡು ಹೋದ ಮೇಲೂ ಅದರ ಮಾಲೀಕ ಸ್ಟೇರಿಂಗ್ ಬಿಟ್ಟು ಇಳಿಯಲಿಲ್ಲ. ನಾನೇ ಕಿಟಕಿಯ ಹತ್ತಿರ ಹೋಗಿ ನಿಂತೆ.

"ಇಂಜಿನ್ ಛಲೋ ಅದ ಅಕ್ಕಾರ. ಗಾಡಿ ಮಾತ್ರ ಹೋಗವಲ್ದು," ಅಂದ.

ಪಕ್ಕದ ಸೀಟಿನಲ್ಲಿ ಕುಳಿತು ನೋಡಿದೆ. ಕೀಲಿ ತಿರುವಿದರೆ ಇಂಜಿನ್ ಒಂದೇ ಸಲಕ್ಕೆ ಏಳುತ್ತಿತ್ತು. ಲಿವರ್ ಎಳೆದು ಎಕ್ಸಲೇಟರ್ ಒತ್ತಿದರೆ ನೊಗ ಕಳಚಿದ ಎತ್ತಿನ ಹಾಗೆ ಅದು ತಾನೊಂದೇ ಓಡುತ್ತಿತ್ತು, ಗಾಲಿಗಳಿಗೆ ಸುದ್ದಿಯೇ ಇಲ್ಲ. ರಿವರ್ಸಿಗೂ ಅದೇ ಕಥೆ. ಮೀಟರಿನಲ್ಲಿ ಗೇರ್‌ಬಾಕ್ಸಿನ ಕೆಂಪು ದೀಪ ಉರಿಯುತ್ತಿತ್ತು. ಎಂಥ ಜಡ್ಡು ಅಂತ ಹೇಳಲು ನನಗೆ ಲ್ಯಾಪ್‌ಟಾಪ್ ಬೇಕಾಗಿರಲಿಲ್ಲ. ಆದರೂ ಬಾಯಿಬಿಡಲಿಲ್ಲ, ಯಾಕೆಂದರೆ ಅದು ಬಾಣಂತಿ ಗಾಡಿ.

ಹುಮನಾಬಾದಿನ ಹೈವೇ ಮೇಲಿರುವ ಕಾರಿನ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಅಡ್ವೈಸರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಗಿರಾಕಿ ಹೇಳಿದ್ದನ್ನು ಕಂಪನಿಗೆ ತಿಳಿಯುವ ಹಾಗೆ ಬರೆಯುವುದು, ಕಂಪನಿ ಹೇಳಿದ್ದನ್ನು ಗಿರಾಕಿಯ ಎದೆ ಒಡೆಯದ ಹಾಗೆ ಹೇಳುವುದು. ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತೇನೆ. ಈ ಗಾಡಿ ನನಗೆ ಹೊಸದಲ್ಲ, ಮೊದಲ ಸರ್ವಿಸಿನಿಂದ ನನ್ನ ಕೈಯಲ್ಲೇ ಬೆಳೆದದ್ದು. ಅದರ ಮಾಲೀಕ ಘಾಟಬೋರಾಳದವನು. ಚಿಕ್ಕಂದಿನಲ್ಲೇ ಪೋಲಿಯೋ ಬಡಿದು ಎಡಗಾಲು ಸೊರಗಿದೆ, ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾನೆ. ಕ್ಲಚ್ ಒತ್ತಲು ಬರುವುದಿಲ್ಲ. ಬಹಳ ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರ ಅಣ್ಣನ ಪಾನ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಎಲೆ ಕಟ್ಟಿದ. ಒಂದು ದಿನ ಯಾರದೋ ಆಟೋಮ್ಯಾಟಿಕ್ ಕಾರು ನೋಡಿದವನಿಗೆ, ಇದಕ್ಕೆ ಬಲಗಾಲೊಂದೇ ಸಾಕು ಅಂತ ಗೊತ್ತಾಯಿತು. ಬ್ಯಾಂಕಿಗೆ ಅಲೆದಾಡಿ ಗಾಡಿ ತೆಗೆದ, ಬಾಡಿಗೆಗೆ ಓಡಿಸಲು ಹಳದಿ ಪ್ಲೇಟ್ ಹಾಕಿಸಿದ.

ಗೇರಿನ ಜರ್ಕ್ ಇಲ್ಲ, ಓಡಿಸುವವನಿಗೆ ಅವಸರವಿಲ್ಲ. ಹೊಲಿಗೆ ಬಿದ್ದ ಹೊಟ್ಟೆ ಹಿಡಿದುಕೊಂಡು ದವಾಖಾನೆಯಿಂದ ಹೊರಟ ಹೆಣ್ಣುಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು? ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಆಮೇಲೆ ಆ ರಸ್ತೆಯ ಊರುಗಳಲ್ಲಿ ಹೆರಿಗೆ ಆಯಿತೆಂದರೆ ಮೊದಲ ಫೋನು ತವರಿಗೆ, ಎರಡನೆಯದು ಇವನಿಗೆ. ಜನರೇ ಅದಕ್ಕೆ ಬಾಣಂತಿ ಗಾಡಿ ಅಂತ ಹೆಸರಿಟ್ಟರು. ಖರೆ ಹೇಳಬೇಕೆಂದರೆ ಆ ಹೆಸರಿಗೆ ಅವನು ನಾಚಿಕೊಳ್ಳುತ್ತಿದ್ದ, ಯಾರಾದರೂ ಹಾಗೆ ಕರೆದರೆ ನಗುತ್ತಿದ್ದ.

ಜಾಬ್ ಕಾರ್ಡ್ ತೆರೆದು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ಗಾಡಿ ನಿಂತದ್ದು ಎಲ್ಲಿ, ಇಲ್ಲಿಯ ತನಕ ಬಂದದ್ದು ಹೇಗೆ?

ಅವನು ಮುಚ್ಚುಮರೆ ಇಲ್ಲದೆ ಹೇಳಿದ. ಹಿಂದಿನ ದಿನ ಹುಮನಾಬಾದ್ ದವಾಖಾನೆಯಿಂದ ತನ್ನ ಊರಿನ ಒಬ್ಬ ಬಾಣಂತಿಯನ್ನು ಕೂರಿಸಿಕೊಂಡು ಹೊರಟಿದ್ದ. ಜೊತೆಗೆ ಎಳೆಗೂಸು ಮತ್ತು ಬಾಣಂತಿಯ ಅಜ್ಜಿ. ಊರೆಲ್ಲ ಆಕೆಗೆ ಆಯಿ ಅನ್ನುತ್ತದೆ. ಆ ವಾರವೆಲ್ಲ ಗಾಡಿಯಿಂದ ಒಂದು ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು, ತಂದು ತೋರಿಸಬೇಕು ಅಂದುಕೊಂಡಿದ್ದ. ಊರ ದಾರಿ ಹಿಡಿದು ಸ್ವಲ್ಪ ದೂರಕ್ಕೆ, ಎರಡೂ ಕಡೆ ತೊಗರಿ ಹೊಲ, ಸಿಳ್ಳೆ ಕಿರುಚಾಟವಾಯಿತು. ಕೆಂಪು ದೀಪ ಹತ್ತಿತು, ಗಾಡಿ ಜಾರಿದಂತಾಗಿ ನಿಂತೇಬಿಟ್ಟಿತು. ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದ. ಲಾರಿ ಕಲಬುರಗಿಯಿಂದ ಬರಬೇಕು, ಸಂಜೆಯಾಗುತ್ತದೆ ಅಂದರು. ನೆತ್ತಿಯ ಮೇಲೆ ಬಿಸಿಲು. ಒಂದು ಆಟೋ ಬಂತು, ಅದರಲ್ಲಿ ಹೋಗೋಣ ಅಂದರೆ ಆಯಿ ಒಪ್ಪಲಿಲ್ಲ. ಆಕೆಯ ಮನೆತನದಲ್ಲಿ, ದವಾಖಾನೆಯಿಂದ ಹೊರಟ ಬಾಣಂತಿ ಮನೆ ಹೊಸ್ತಿಲು ಕಾಣುವ ತನಕ ನಡುದಾರಿಯಲ್ಲಿ ನೆಲಕ್ಕೆ ಕಾಲು ಇಡುವಂತಿಲ್ಲ. ಅಷ್ಟರಲ್ಲಿ ಪರಿಚಯದವರ ಟ್ರ್ಯಾಕ್ಟರ್ ಬಂತು. ಡಿಕ್ಕಿಯಲ್ಲಿದ್ದ ಹಗ್ಗ ತೆಗೆದು ಕಟ್ಟಿದರು. ಬಾಣಂತಿ, ಕೂಸು, ಆಯಿ ಒಳಗೇ ಕುಳಿತಿದ್ದರು. ಇವನು ಇಂಜಿನ್ ಹಚ್ಚದೆ ಕೀಲಿ ಮಾತ್ರ ಆನ್ ಮಾಡಿ, ಲಿವರ್ ನ್ಯೂಟ್ರಲ್ಲಿಗೆ ಹಾಕಿ, ಸ್ಟೇರಿಂಗ್ ಹಿಡಿದ. ಸಾವಕಾಶ ಹೋಗು ಅಂತ ಆಯಿ ದಾರಿಯುದ್ದಕ್ಕೂ ಕಿಟಕಿಯಿಂದ ಕೈ ಬೀಸುತ್ತ ಬಂದರಂತೆ. ಹೀಗೆ ಗಾಡಿ ಘಾಟಬೋರಾಳದ ಮನೆ ಬಾಗಿಲು ಮುಟ್ಟಿತು. ಮಾರನೆಯ ಬೆಳಿಗ್ಗೆ ಲಾರಿ ಅಲ್ಲಿಂದ ಎತ್ತಿಕೊಂಡು ಬಂತು.

ನಾನು ಬರೆಯುವುದು ನಿಲ್ಲಿಸಿದೆ.

"ಎಳಿಸಿದ್ರೇನು ತಮ್ಮಾ? ಗಾಲಿ ನೆಲದ ಮ್ಯಾಲ ಇಟ್ಟು?"

"ನ್ಯೂಟ್ರಲ್ ಹಾಕಿದ್ದೆನಲ್ರಿ."

ಅವನದೇನು ತಪ್ಪು. ನಮ್ಮ ಕಡೆ ಜೀಪು, ಟೆಂಪೊ, ಕೆಟ್ಟ ಗಾಡಿ ಯಾವುದೇ ಇರಲಿ, ನ್ಯೂಟ್ರಲ್ ಹಾಕಿ ಎಳೆದೇ ಎಲ್ಲರೂ ದೊಡ್ಡವರಾದದ್ದು. ಆದರೆ ಅವನ ಗಾಡಿಯ ಗೇರ್‌ಬಾಕ್ಸಿನಲ್ಲಿ ಹಲ್ಲಿನ ಗೇರುಗಳ ಸಾಲಿಲ್ಲ. ಎರಡು ರಾಟೆ, ನಡುವೆ ಉಕ್ಕಿನ ಬೆಲ್ಟು. ಅದಕ್ಕೆಲ್ಲ ಎಣ್ಣೆ ಉಣಿಸಲು ಒಂದು ಪಂಪ್, ಆ ಪಂಪನ್ನು ತಿರುಗಿಸುವುದು ಇಂಜಿನ್. ಇಂಜಿನ್ ಬಂದ್ ಆಗಿ ಮುಂದಿನ ಗಾಲಿ ಉರುಳುತ್ತಿದ್ದರೆ ಒಳಗಿನದ್ದು ಒಣಒಣ ತಿರುಗುತ್ತದೆ, ಬೇರಿಂಗ್ ಸುಡುತ್ತದೆ. ಹಾಗೆ ಎಳೆಯಬಾರದು ಅಂತ ಕಾರಿನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ನಿಂಬೆಹಣ್ಣು, ಕುಂಕುಮದ ಪೊಟ್ಟಣದ ಕೆಳಗೆ ಹೊಸದಾಗಿಯೇ ಇತ್ತು.

ನಮ್ಮ ಹಿರಿಯ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಚ್ಚಿದರು. ಎಣ್ಣೆಯ ಒತ್ತಡ ಬಿದ್ದುಹೋಗಿದೆ ಅನ್ನುವ ದೋಷದ ಕೋಡ್ ಬಂತು. ಕೋಡ್ ಬಿದ್ದಾಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಅನ್ನುವುದೂ ಅದರ ಜೊತೆಗೆ ಇತ್ತು. ಈಗಿನ ಮೀಟರಿಗೆ ಹೋಲಿಸಿದರೆ ನಡುವಿನ ಅಂತರ, ಗಾಡಿ ನಿಂತ ಜಾಗದಿಂದ ಘಾಟಬೋರಾಳಕ್ಕೆ ಇರುವಷ್ಟೇ. ಅಂದರೆ ಒತ್ತಡ ಬಿದ್ದದ್ದು ಮೊದಲು, ಎಳೆದದ್ದು ಆಮೇಲೆ. ಕೋಡ್ ಅಳಿಸಬೇಡಿ ಅಂತ ಹೇಳಿ ಫೋಟೊ ಹೊಡೆದುಕೊಂಡೆ. ಕೆಳಗಿನ ಬೋಲ್ಟ್ ಬಿಚ್ಚಿ ಒಂದಿಷ್ಟು ಎಣ್ಣೆ ಇಳಿಸಿದೆವು. ಕಾಡಿಗೆಯಂಥ ಎಣ್ಣೆ, ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿಂಚುತ್ತಿತ್ತು.

ಒಳಗಿನ ಬಿಡಿಭಾಗಗಳನ್ನು ಕಂಪನಿ ಮಾರುವುದಿಲ್ಲ. ಕೆಟ್ಟರೆ ಪೂರಾ ಗೇರ್‌ಬಾಕ್ಸೇ ಬದಲಿಸಬೇಕು. ಅದರ ಬೆಲೆ ಕೇಳಿದಾಗ ಅವನು ಗೋಡೆಗೆ ಆನಿಸಿದ್ದ ಹಳೆ ಟೈರುಗಳ ಮೇಲೆ ಕುಳಿತ. ಗ್ಯಾರಂಟಿ ಹೋದ ದೀಪಾವಳಿಗೇ ಮುಗಿದಿತ್ತು.

"ಕಂಪನಿಯವರು ಏನೂ ಮಾಡಂಗಿಲ್ಲೇನ್ರಿ?" ಅಂದ.

ಮಾಡುವ ದಾರಿ ಒಂದಿದೆ. ಗ್ಯಾರಂಟಿ ಮುಗಿದ ಮೇಲೂ, ಗಾಡಿಗೆ ನಮ್ಮಲ್ಲೇ ಹೊತ್ತಿಗೆ ಸರಿಯಾಗಿ ಸರ್ವಿಸ್ ಆಗಿದ್ದರೆ, ಕೆಟ್ಟದ್ದು ಓಡಿಸುವವನ ತಪ್ಪಿನಿಂದಲ್ಲ ಅಂತ ಕಂಡರೆ, ಕಂಪನಿ ಖರ್ಚಿನಲ್ಲಿ ಒಂದು ಪಾಲು ಹೊರುವುದುಂಟು. ಅದಕ್ಕೆ ಗುಡ್‌ವಿಲ್ ಅನ್ನುತ್ತಾರೆ. ಹಕ್ಕಲ್ಲ, ಬೇಡಿಕೆ. ಬರೆಯಬೇಕಾದವಳು ನಾನು. ಅವನ ಒಂದು ಸರ್ವಿಸೂ ತಪ್ಪಿರಲಿಲ್ಲ, ಅದು ನಮ್ಮ ಬಲ. ಹಳದಿ ಪ್ಲೇಟ್ ಇರುವುದು ಸ್ವಲ್ಪ ತೊಡಕು. ಟ್ರ್ಯಾಕ್ಟರ್ ದೊಡ್ಡ ತೊಡಕು.

ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಆ ಹುಡುಗನ ಮೇಲೆ ಅವರಿಗೂ ಮಮತೆ, ಅವರ ಮಗಳೂ ಅದೇ ಗಾಡಿಯಲ್ಲಿ ಮನೆಗೆ ಬಂದವಳು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು:

"ತಂಗಿ, ಟ್ರ್ಯಾಕ್ಟರಿಂದು ಬರಿಬ್ಯಾಡ. ನಾವೇನು ಸುಳ್ಳು ಬರಿಯಾಕತ್ತಿಲ್ಲ. ಬರಿಯೂದು ಬಿಡಾಕತ್ತೀವಿ, ಅಷ್ಟ."

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಅದನ್ನೇ ತಲೆಯಲ್ಲಿ ತಿರುವಿದೆ. ರಾಜೇಶ್ವರ ದಾಟಿತು, ಸಸ್ತಾಪುರ ಬಂಗ್ಲಾ ಬಂತು, ಯಾವ ತೀರ್ಮಾನಕ್ಕೂ ಬರಲಿಲ್ಲ. ನನ್ನನ್ನು ಸಾಕಿದವಳು ಅಜ್ಜಿ. ಮಾತು ಕಲಿತದ್ದೂ ಆಕೆಯಿಂದ, ಆಕೆಯ ಜೊತೆ ಕಟ್ಟೆಗೆ ಕೂರುತ್ತಿದ್ದ ಮುದುಕಿಯರಿಂದ. ಅವರಲ್ಲಿ ಯಾರಾದರೂ ಸುದ್ದಿ ಹೇಳುವಾಗ ನಡುವಿನ ಒಂದು ಸಂಗತಿ ನುಂಗಿದರೆ ಉಳಿದವರು ತಕ್ಷಣ ಹಿಡಿಯುತ್ತಿದ್ದರು. ತಡಿ, ತಡಿ, ಬಾವಿಗೆ ಹೋದಾಕಿ ಹೊಲದಾಗ ಹ್ಯಾಂಗ ಬಂದ್ಲು, ಅದನ್ನ ಮೊದಲ ಹೇಳು. ಆ ಕಟ್ಟೆಯ ರೂಢಿ ನನ್ನನ್ನು ಬಿಟ್ಟಿಲ್ಲ. ನಡುವೆ ತೂತು ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಹೇಳಿದರೆ ನಾಲಗೆ ತೊಡರುತ್ತದೆ. ಮೇಲಾಗಿ, ಕೋಡಿನ ಕಿಲೋಮೀಟರಿಗೂ ಮೀಟರಿಗೂ ಇರುವ ಅಂತರವನ್ನು ನಾನು ನೋಡಿದ ಹಾಗೆ ಕಂಪನಿಯವರೂ ನೋಡಬಲ್ಲರು.

ಮರುದಿನ ಎಲ್ಲ ಬರೆದೆ. ಸಿಳ್ಳೆ, ಕೆಂಪು ದೀಪ, ಕಲಬುರಗಿಯ ಲಾರಿ, ಬಾಣಂತಿ, ಟ್ರ್ಯಾಕ್ಟರು. ಫೋಟೊಗಳನ್ನು ಹಚ್ಚಿ ಕಳಿಸಿದೆ.

ಉತ್ತರ ಇಷ್ಟು ಬೇಗ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಸಾಲು: ತಪ್ಪಾಗಿ ಎಳೆದದ್ದರಿಂದ ಆದ ಹಾನಿ, ಕಂಪನಿ ಹೊಣೆಯಲ್ಲ, ಅರ್ಜಿ ಮುಚ್ಚಲಾಗಿದೆ.

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಸ್ಕ್ರೀನ್ ನೋಡಿ, ತಮ್ಮ ಕೋಣೆಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಹೊಸದಾಗಿ ಇನ್ನೊಂದು ಅರ್ಜಿ ಹಾಕು, ಈ ಸಲ ಗಾಡಿ ಹೋಗುತ್ತಿಲ್ಲ ಅಂತಷ್ಟೇ ಬರಿ ಅಂದರು. ಅದನ್ನು ನಾನು ನಾಳೆ, ನಾಳೆ ಅಂತ ಮುಂದಕ್ಕೆ ಹಾಕಿದೆ. ಗಾಡಿಯ ಮಾಲೀಕನಿಗೆ ಮಾತ್ರ ಹೇಳಲೇಬೇಕಾಯಿತು. ನಾನು ಏನೇನು ಬರೆದಿದ್ದೆ, ಕಂಪನಿಯವರು ಏನು ಅಂದರು, ಎರಡನ್ನೂ ಹೇಳಿದೆ. ಅವನು ಬಹಳ ಹೊತ್ತು ಕಾಲಿನ ಪಟ್ಟಿಯ ಬಕಲ್ ಬಿಚ್ಚುವುದು, ಹಾಕುವುದು ಮಾಡಿದ.

"ನೀವು ಖರೇನ ಬರದೀರಿ ಅಕ್ಕಾರ. ಆದ್ರ ಬರೀ ಖರೇದ ಮ್ಯಾಲ ಗಾಡಿ ನಡಿವಲ್ದು ನೋಡ್ರಿ."

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಬೇರೆಯವರ ಗಾಡಿಗಳ ಬಿಲ್ ಮಾಡುತ್ತಿದ್ದವಳು ನಡುವೆ ಎದ್ದು ಹೋಗಿ ಮುಚ್ಚಿದ ಅರ್ಜಿಯನ್ನೇ ತೆರೆದು ನೋಡುತ್ತಿದ್ದೆ, ಅದೇನು ತಾನಾಗಿ ತೆರೆದುಕೊಳ್ಳುತ್ತದೆಯೋ ಅನ್ನುವ ಹಾಗೆ. ಅವನು ದಿನಾ ಬಸ್ಸಿಗೆ ಬರುತ್ತಿದ್ದ. ಓಡದ ಗಾಡಿಯ ಗಾಜು ಒರೆಸುತ್ತಿದ್ದ. ಫೋನ್ ಬಂದರೆ ಅಂಗಳದ ಆ ತುದಿಗೆ ಹೋಗಿ ಮಾತಾಡುತ್ತಿದ್ದ. ಬರುವ ವಾರ ಅಂತ ಹೇಳುವುದು ಕಿವಿಗೆ ಬೀಳುತ್ತಿತ್ತು. ಬರಬರುತ್ತ ಫೋನು ಕಡಿಮೆಯಾದವು. ಗೆಳೆಯನೊಬ್ಬ ತನ್ನ ಕಾರು ಕೊಡುತ್ತೇನೆ ಅಂದನಂತೆ, ಕ್ಲಚ್ಚಿನ ಗಾಡಿ ಇವನಿಗೆ ಏತಕ್ಕೆ? ಅಣ್ಣ ಒಂದು ದಿನ ಡಬ್ಬಿ ಕೊಡಲು ಬಂದು, ನಿನ್ನ ಸ್ಟೂಲು ಹಾಗೇ ಇಟ್ಟೀನಪ್ಪ, ಯಾರಿಗೂ ಕೂಡಾಕ ಕೊಟ್ಟಿಲ್ಲ ಅಂದ. ಅಣ್ಣ ಪ್ರೀತಿಯಿಂದಲೇ ಅಂದದ್ದು. ಅವತ್ತು ಇವನು ಡಬ್ಬಿ ತೆರೆಯಲಿಲ್ಲ.

ಅದರ ಮರುದಿನ ಆಯಿ ಬಂದರು. ಗಿಡ್ಡ ಆಳು, ಹಸಿರು ಇಳಕಲ್ ಸೀರೆ, ಬಗಲಲ್ಲಿ ಒಂದು ಸ್ಟೀಲ್ ಡಬ್ಬಿ. ಸೆಕ್ಯುರಿಟಿಯವನನ್ನು ದಾಟಿ ಸೀದಾ ನನ್ನ ಟೇಬಲ್ಲಿಗೇ ಬಂದು, ನನ್ನಿಂದ ಗಾಡಿ ಕೆಟ್ಟದ ಅಂತ ಊರಾಗ ಅನ್ನಾಕತ್ತಾರ, ಹೌದೋ ಅಲ್ಲೋ ಹೇಳು ಅಂದರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಗಾಡಿಯ ಹತ್ತಿರ ಕರೆದುಕೊಂಡು ಹೋಗು, ಕೆಟ್ಟದ್ದು ತೋರಿಸು ಅಂದರು.

ಬಾನೆಟ್ ಎತ್ತಿಸಿ ಗೇರ್‌ಬಾಕ್ಸಿನ ಮೇಲ್ಮೈ ತೋರಿಸಿದೆ. ನೋಡಲು ಅಲ್ಲಿ ಏನೂ ಇರಲಿಲ್ಲ, ಮುಚ್ಚಿದ ಪೆಟ್ಟಿಗೆ. ಹಾಗಾಗಿ ಬಾಯಿಯಿಂದ ಹೇಳಬೇಕಾಯಿತು. ಒಳಗೆ ಬಾವಿಗೆ ಕೂರಿಸಿದಂಥ ಒಂದು ಪಂಪ್ ಅದ ಆಯಿ, ಅದು ಮೊದಲು ನಿಂತಿರಬೇಕು. ನಿಂತ ಕೂಡಲೇ ಎಣ್ಣೆ ಇಲ್ಲದೆ ರಾಟೆ, ಬೆಲ್ಟು ಉಜ್ಜಿಹೋದವು. ಗಾಡಿ ನಿಂತದ್ದು ಅದಕ್ಕೇ. ಆಮೇಲೆ ಎಳೆಸಿದಿರಲ್ಲ, ಆಗ ಇನ್ನೂ ಒಂದು ಬೇರಿಂಗ್ ಸುಟ್ಟಿರಬಹುದು. ಹೇಗೂ ಪಂಪ್ ಒಂದನ್ನೇ ಹಾಕಲು ಬರುವುದಿಲ್ಲ, ಕಂಪನಿ ಬಿಡಿಯಾಗಿ ಕೊಡುವುದಿಲ್ಲ. ನೀವು ಎಳೆಸಿದ್ದರೂ, ಎಳೆಸದಿದ್ದರೂ ಹಾಕಬೇಕಾದದ್ದು ಪೂರಾ ಪೆಟ್ಟಿಗೆಯೇ.

ಹೇಳಿ ಮುಗಿಸಿದವಳು ಅಲ್ಲೇ ನಿಂತುಬಿಟ್ಟೆ. ಬಾನೆಟ್ಟಿನ ಕೋಲು ಕೈಯಲ್ಲೇ ಇತ್ತು. ಇಷ್ಟು ದಿನ ಟ್ರ್ಯಾಕ್ಟರಿನದು ತಪ್ಪಲ್ಲ ಅಂತ ವಾದ ಹುಡುಕುತ್ತ ಕುಳಿತಿದ್ದೆ. ಅದು ತಪ್ಪೇ ಇರಲಿ. ಆ ತಪ್ಪಿನಿಂದ ಖರ್ಚು ಎಳ್ಳಷ್ಟೂ ಬೆಳೆದಿಲ್ಲ, ಹಿಡಿಯಬೇಕಾದದ್ದು ಈ ಎಳೆ. ಆಯಿ ಮಾತ್ರ ಹೂಂ, ಹೂಂ ಅನ್ನುತ್ತ ಗೇರ್‌ಬಾಕ್ಸನ್ನೇ ನೋಡುತ್ತಿದ್ದರು. ಆದರೆ ಬಿಡಿಸಿ ಹೇಳು ಅಂತ ಆಕೆ ಬಂದು ನಿಲ್ಲದಿದ್ದರೆ ನಾನು ಬಿಡಿಸಿ ಹೇಳುತ್ತಲೂ ಇರಲಿಲ್ಲ.

ಸೀದಾ ಮ್ಯಾನೇಜರ ಕೋಣೆಗೆ ಹೋದೆ. ಹೊಸ ಅರ್ಜಿ ಹಾಕುವುದಿಲ್ಲ ಅಂದೆ. ಮುಚ್ಚಿದ್ದನ್ನೇ ತೆರೆಸೋಣ, ಟ್ರ್ಯಾಕ್ಟರು ಅಲ್ಲೇ ಇರಲಿ. ಕಂಪನಿಯ ಇಂಜಿನಿಯರ್ ಇಲ್ಲಿಗೆ ಬರಲಿ, ಅವರ ಕಣ್ಣ ಮುಂದೆ ಗೇರ್‌ಬಾಕ್ಸ್ ಬಿಚ್ಚೋಣ. ಮೊದಲು ಸತ್ತದ್ದು ಪಂಪ್ ಅಂತ ಕಂಡರೆ ಅವರು ಪಾಲು ಹೊರಲಿ.

ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು. ಬಿಚ್ಚುವ ಕೂಲಿ ಯಾರು ಕೊಡಬೇಕು ಅಂದರು. ಬಿಚ್ಚಿದ ಮೇಲೆ ಕಂಪನಿ ಇಲ್ಲ ಅಂದರೆ ಆ ಹುಡುಗನ ಕೈಯಲ್ಲಿ ಉಳಿಯುವುದು ಒಂದು ತಟ್ಟೆ ತುಂಬ ತುಂಡುಗಳು. ಈಗ ಹೀಗೇ ಮುಚ್ಚಿದ ಗಾಡಿಯನ್ನು ಯಾರಾದರೂ ಅರ್ಧ ಬೆಲೆಗಾದರೂ ಒಯ್ಯುತ್ತಾರೆ. ಬಿಚ್ಚಿದರೆ ಅದೂ ಇಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಳಗೆ ಏನಿದೆ ಅಂತ ನನಗೂ ಗೊತ್ತಿರಲಿಲ್ಲ. ಪಂಪ್ ಗಟ್ಟಿಯಾಗಿದ್ದು, ಬೇರಿಂಗ್ ಒಂದೇ ಸುಟ್ಟಿದ್ದರೆ?

ಬಿಚ್ಚಬೇಕೆಂದರೆ ಸಹಿ ಬೇಕಾದದ್ದು ಅವನದು. ಗೆದ್ದರೆ ಏನು, ಸೋತರೆ ಏನು, ಎಲ್ಲ ಅವನಿಗೆ ಹೇಳಿದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ. ಕಾಂಕ್ರೀಟಿನ ಮೇಲೆ ಕಾಲಿನ ಪಟ್ಟಿ ಟಕ್, ಟಕ್ ಅನ್ನುತ್ತಿತ್ತು. ಹಿಂದಿನ ಬಾಗಿಲು ತೆರೆದು, ಬಾಣಂತಿಯರು ಕೂರುವ ಸೀಟಿನ ಮೇಲೆ ಕೈಯಾಡಿಸಿ, ಮುಚ್ಚಿದ.

"ಬಿಚ್ಚರಿ," ಅಂದ. "ಮುಚ್ಚಿಟ್ಟು ನಾನರ ಏನ್ ಮಾಡ್ಲಿ? ಸ್ಟೂಲಿನ ಮ್ಯಾಲ ಕುಂತು ದಿನಾ ಅದನ್ನ ನೆನಸೂದಾಗತದ."

ಅರ್ಜಿ ಮತ್ತೆ ತೆರೆಯಿತು. ಇಂಜಿನಿಯರ್ ಬರುವ ದಿನ ಗೊತ್ತಾಯಿತು, ಬರಲಿಲ್ಲ. ಇನ್ನೊಂದು ದಿನ ಗೊತ್ತಾಯಿತು, ಅವತ್ತೂ ಬರಲಿಲ್ಲ; ಬೀದರಿನಲ್ಲಿ ಬೇರೆ ಕೆಲಸ ಬಂತಂತೆ. ಎರಡೂ ಸಲ ಆಯಿ ಬಂದು ಡಬ್ಬಿ ಹಿಡಿದು ಕುಳಿತಿದ್ದು, ಸಂಜೆಯ ಬಸ್ಸಿಗೆ ವಾಪಸು ಹೋದರು. ಡಬ್ಬಿಯಲ್ಲಿದ್ದದ್ದು ಬಾಣಂತಿಗೆ ಮಾಡಿದ ಅಂಟಿನ ಉಂಡಿ. ನಮಗೆ ಒಂದೂ ಕೊಡಲಿಲ್ಲ. ಬರುವವನಿಗೆ ಅದ, ನೀವು ದಿನಾ ಉಂಡು ಬರತೀರಿ ಅಂದರು.

ಮೂರನೆಯ ಸಲಕ್ಕೆ ಇಂಜಿನಿಯರ್ ಬಂದೇ ಬಂದರು. ಮೈಸೂರು ಕಡೆಯ ಮನುಷ್ಯ, ನಡು ವಯಸ್ಸು, ಪ್ರಯಾಣದಿಂದ ಸೋತ ಮುಖ. ಚಹಾ ಬೇಡ ಅಂದರು, ಮೊದಲು ಗಾಡಿ ಅಂದರು. ನಮ್ಮ ಹಿರಿಯ ಮೆಕ್ಯಾನಿಕ್ ಅಷ್ಟರಲ್ಲಿ ಗೇರ್‌ಬಾಕ್ಸನ್ನು ಕೆಳಗಿಳಿಸಿ ಮೇಜಿನ ಮೇಲೆ ಇಟ್ಟಿದ್ದರು. ಎಣ್ಣೆಯ ತಟ್ಟೆ ಬಿಚ್ಚಿದರು. ತಟ್ಟೆಯ ಮೂಲೆಯ ಅಯಸ್ಕಾಂತಗಳಿಗೆ ಲೋಹದ ಪುಡಿ ಮೀಸೆಯ ಹಾಗೆ ಹತ್ತಿಕೊಂಡಿತ್ತು. ಇಂಜಿನಿಯರ್ ಫೋಟೊ ಹೊಡೆದರು. ಕವಚ ಎರಡು ಹೋಳಾಯಿತು. ಪಂಪನ್ನು ತಿರುಗಿಸುವ ಸಣ್ಣ ಚೈನು ಕೂಡಲೇ ಕಾಣಿಸಿತು: ಹರಿದು, ಹಾವಿನ ಪೊರೆಯ ಹಾಗೆ ತಳದಲ್ಲಿ ಬಿದ್ದಿತ್ತು. ಅದು ಕೂರುವ ಚಕ್ರದ ಹಲ್ಲುಗಳು ಒಂದು ಕಡೆ ಸವೆದು ಚೂಪಾಗಿದ್ದವು. ಇಂಥ ಸವೆತ ಒಂದು ದಿನದ್ದಲ್ಲ. ಆ ವಾರವೆಲ್ಲ ಸಿಳ್ಳೆ ಹೊಡೆದದ್ದು ಇದೇ.

ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಮೆಕ್ಯಾನಿಕ್ ಇನ್ನೊಂದು ಶಾಫ್ಟ್ ಹೊರಗೆಳೆದರು. ಗಾಲಿಯ ಕಡೆಯ ಬೇರಿಂಗ್ ಕಾದು ಕಾದು ನೀಲಿಗಟ್ಟಿತ್ತು. ಅದು ಟ್ರ್ಯಾಕ್ಟರಿನ ಗುರುತು. ಇಂಜಿನಿಯರ್ ಅದರದೂ ಫೋಟೊ ಹೊಡೆದರು, ಚೈನಿನದಕ್ಕಿಂತ ಹೆಚ್ಚು ಹೊಡೆದರು. ಗಾಡಿಯ ಮಾಲೀಕ ಕಂಬ ಹಿಡಿದುಕೊಂಡು ನಿಂತಿದ್ದ.

ಗೋಣಿಚೀಲದ ಮೇಲೆ ಕುಳಿತಿದ್ದ ಆಯಿ ಎದ್ದು ಬಂದು ಮೇಜಿಗೆ ಅಡ್ಡ ನಿಂತರು.

"ಎಳಸಿದಾಕಿ ನಾನ್ರಿ ಸಾಹೇಬ್ರ. ಅವನು ಬ್ಯಾಡ ಅಂದಿದ್ದ, ಲಾರಿ ಬರತದ ಅಂದಿದ್ದ. ಏನರ ಅನ್ನೂದಿದ್ರ ನನಗ ಅನ್ರಿ."

ನಾನು ಅವನ ಮುಖ ನೋಡಿದೆ. ಅವನು ಬೇಡ ಅಂದದ್ದು ನನಗೆ ಹೇಳಿರಲೇ ಇಲ್ಲ. ಮುದುಕಿಯ ಮೇಲೆ ಹಾಕುವುದು ಬೇಡ ಅಂತ ನುಂಗಿಕೊಂಡಿದ್ದ.

ಇಂಜಿನಿಯರ್ ಕೈ ಒರೆಸಿಕೊಂಡರು. "ಇನ್ನು ಮುಂದೆ ಹಾಗೆ ಎಳೆಸಬೇಡಿ ಅಜ್ಜಿ," ಅಂದರು.

"ಇನ್ನ ಮುಂದ ಹಂಗ ಗಾಡಿ ನಿಲ್ಲಬಾರದ್ರಿ," ಅಂದರು ಆಯಿ.

ಇಂಜಿನಿಯರ್ ನಕ್ಕರು. ಬಂದಾಗಿನಿಂದ ಮೊದಲ ಸಲ. ಆಯಿ ಅದೇ ಹೊತ್ತಿಗೆ ಡಬ್ಬಿ ತೆರೆದು, ಇಷ್ಟು ಒಣಗಿದ್ರ ಹ್ಯಾಂಗ ನಡಿಬೇಕು, ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು ಅಂತ ಎರಡು ಉಂಡಿ ಕೈಗೆ ಇಟ್ಟರು. ಎಣ್ಣೆಗೈಯಲ್ಲೇ ಅವರು ತಿಂದರು.

ನಾನು ನನ್ನ ಮಾತು ಹೇಳಿದೆ. ನೀಲಿ ಬೇರಿಂಗ್ ನಮ್ಮದೇ ತಪ್ಪು, ಒಪ್ಪುತ್ತೇವೆ. ಆದರೆ ಅದು ಗಟ್ಟಿಯಾಗಿಯೇ ಇದ್ದಿದ್ದರೂ, ಆ ಹರಿದ ಚೈನಿಗೆ ನೀವು ಕೊಡುವುದು ಪೂರಾ ಗೇರ್‌ಬಾಕ್ಸನ್ನೇ ಅಲ್ಲವೇ? ಅವರು ತಿನ್ನುತ್ತಲೇ ಕೇಳಿಸಿಕೊಂಡರು. ಮೇಲಿನವರು 'ಎಳೆದದ್ದು' ಅನ್ನುವ ಒಂದು ಪದ ಕಂಡರೆ ಮುಂದೆ ಓದುವುದಿಲ್ಲ ಅಂದರು. ಹೊರಡುವಾಗ ಮಾತ್ರ ಕಾರಿನ ಬಾಗಿಲು ಹಿಡಿದು ನಿಂತು, "ಎಳೆದಿದ್ದೀವಿ ಅಂತ ತಾವಾಗಿ ಬರೆಯೋರು ನನಗೆ ಸಿಕ್ಕಿಲ್ಲ ಮೇಡಂ. ಯಾರಪ್ಪಾ ಈ ಹುಚ್ಚರು, ನೋಡೋಣ ಅಂತಾನೇ ಬಂದೆ," ಅಂದರು.

ಅದು ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯಲಿಲ್ಲ. ಮತ್ತೆ ಕಾಯುವುದು ಶುರುವಾಯಿತು. ಈ ಸಲ ಇನ್ನೂ ಕಷ್ಟ, ಯಾಕೆಂದರೆ ಮೇಜಿನ ಮೇಲೆ ಬಿಚ್ಚಿದ ಗೇರ್‌ಬಾಕ್ಸ್ ಇತ್ತು, ಅದರ ಮೇಲೆ ಬಟ್ಟೆ ಹೊದಿಸಿದ್ದೆವು. ಹೋಗುವಾಗ ಬರುವಾಗ ಅದರ ಕಡೆ ನೋಡಬಾರದು ಅಂದರೂ ಕಣ್ಣು ಹೋಗುತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ, ಮೇಲ್ ಬಂತು. ರೊಟ್ಟಿ ಕೈಯಲ್ಲೇ ಹಿಡಿದು ಓದಿದೆ. ಗೇರ್‌ಬಾಕ್ಸಿನ ಬೆಲೆಯಲ್ಲಿ ದೊಡ್ಡ ಪಾಲು ಕಂಪನಿಯದು, ಉಳಿದದ್ದು, ಎಣ್ಣೆ ಮತ್ತು ಕೂಲಿ ಗಿರಾಕಿಯದು. ಇನ್ನೊಮ್ಮೆ ಓದಿದೆ, ಎಲ್ಲಾದರೂ 'ಆದರೆ' ಅನ್ನುವ ಮಾತು ಇದೆಯೇನೋ ಅಂತ. ಇರಲಿಲ್ಲ. ಮ್ಯಾನೇಜರ್ ಮೇಲ್ ಓದಿ, ಹೋಗಿ ಬಿಚ್ಚಿದ ಕೂಲಿಯನ್ನು ಬಿಲ್ಲಿನಿಂದ ತೆಗೆದರು. ಉಳಿದದ್ದನ್ನು ಗಾಡಿಯ ಮಾಲೀಕ ಕೈಸಾಲ ಮಾಡಿ ಹೊಂದಿಸಿದ.

ಹೊಸ ಗೇರ್‌ಬಾಕ್ಸ್ ಕೂರಿಸಿ, ಎಣ್ಣೆ ತುಂಬಿ, ಲ್ಯಾಪ್‌ಟಾಪಿನಿಂದ ಅದಕ್ಕೆ ಗಾಡಿಯ ಪರಿಚಯ ಮಾಡಿಸಿದ ದಿನ, ರೋಡ್ ಟೆಸ್ಟಿಗೆ ನಾನೂ ಹೊರಟೆ. ಓಡಿಸುವವನು ಅವನೇ. ಮನ್ನಾಏಖೇಳ್ಳಿ ತನಕ ಹೋಗಿ ಬರುವುದು ಅಂತ ಆಯಿತು. ಮೊದಲ ಸ್ವಲ್ಪ ದೂರ ನಮ್ಮಿಬ್ಬರಿಗೂ ಮೈಯೆಲ್ಲ ಕಿವಿಯಾಗಿತ್ತು. ಸಿಳ್ಳೆ ಇಲ್ಲ. ಜಾರುವುದಿಲ್ಲ. ಸೇತುವೆಯ ಏರು ಹತ್ತಿತು, ಇಳಿಯಿತು. ನಾನು ಬೆನ್ನು ಸೀಟಿಗೆ ಆನಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಠಕ್ ಅಂತ ಒಂದು ಸದ್ದು. ಸ್ವಲ್ಪ ಬಿಟ್ಟು ಮತ್ತೆ ಠಕ್.

ಅವನು ತಕ್ಷಣ ರಸ್ತೆಯ ಅಂಚಿಗೆ ನಿಲ್ಲಿಸಿದ. ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತಿದ್ದವು. ನಾನು ಇಳಿದು ಗಾಲಿಗಳ ಹತ್ತಿರ ಬಗ್ಗಿ ನೋಡಿದೆ, ಕೆಳಗೆ ಮಲಗಿ ನೋಡಿದೆ. ಎಣ್ಣೆಯ ಹನಿ ಇಲ್ಲ, ಬೋಲ್ಟು ಸಡಿಲಾಗಿಲ್ಲ. ಅವನು ಹಣೆ ಮುಟ್ಟಿಕೊಂಡು, "ತಡೀರಿ ಅಕ್ಕಾರ," ಅಂದು ಹಿಂದಕ್ಕೆ ಹೋಗಿ ಡಿಕ್ಕಿ ತೆರೆದ.

ಒಳಗೆ ಒಂದು ಮಣೆ ಇತ್ತು. ಊಟಕ್ಕೆ ಕೂರುವಂಥ, ಅಂಚು ಸವೆದ ಹಳೆಯ ಸಾಗವಾನಿ ಮಣೆ. ಮೊದಲು ಅಲ್ಲಿ ಸುತ್ತಿಡುತ್ತಿದ್ದ ಹಗ್ಗ ಈಗಿರಲಿಲ್ಲ.

ಬೆಳಿಗ್ಗೆ ಆಯಿ ಕೊಟ್ಟು ಕಳಿಸಿದ್ದಂತೆ. ಹಗ್ಗ ತೆಗೆಸಿದ್ದೂ ಆಕೆಯೇ. ಮನೆಯಲ್ಲಿ ಹಿರಿಯರೆಲ್ಲ ಕೂತು ಮಾತಾಡಿದ್ದಾರೆ: ಬಾಣಂತಿಯ ಕಾಲು ನೆಲಕ್ಕೆ ತಾಗಬಾರದು, ಅಷ್ಟೇ ತಾನೆ? ಗಾಡಿ ನಡುದಾರಿಯಲ್ಲಿ ನಿಂತರೆ ಮಣೆ ಹಾಕು, ಅದರ ಮೇಲೆ ಕಾಲಿಟ್ಟು ಇನ್ನೊಂದು ಗಾಡಿ ಹತ್ತಲಿ.

"ಊರಾಗ ಎಲ್ಲಾರಿಗೂ ಹೇಳ್ಯಾಳ್ರಿ," ಅಂದ ಅವನು. "ಇನ್ನ ಯಾರೂ ಹಗ್ಗದ ಮಾತು ಎತ್ತಂಗಿಲ್ಲ."

ನಾನು ದುಪಟ್ಟಾ ತೆಗೆದು ಮಡಚಿ ಮಣೆಯ ಕೆಳಗೆ ಒತ್ತಿಟ್ಟೆ. ಡಿಕ್ಕಿ ಮುಚ್ಚಿ ಹತ್ತಿ ಕುಳಿತೆವು. ಮನ್ನಾಏಖೇಳ್ಳಿಯಲ್ಲಿ ತಿರುಗಿಸುವಾಗ ಅವನ ಫೋನು ಬಡಿಯಿತು. ಗಾಡಿ ಪಕ್ಕಕ್ಕೆ ಹಾಕಿ ಎತ್ತಿದ. ಆ ಕಡೆ ಯಾರೋ ಹೆಣ್ಣುಮಗಳು ಅವಸರದಲ್ಲಿ ಮಾತಾಡುತ್ತಿದ್ದಳು. ಅವನು ಕೇಳುತ್ತ ಕೇಳುತ್ತ ಎದುರಿನ ರಸ್ತೆ ನೋಡಿದ, ಮೀಟರ್ ನೋಡಿದ, ಕೊನೆಗೆ ನನ್ನ ಕಡೆ ನೋಡಿದ. ನಾನು ಹೂಂ, ಹೋಗು ಅಂತ ತಲೆಯಾಡಿಸಿದೆ.

"ಬರತೀನಿ ಯವ್ವಾ," ಅಂದ ಫೋನಿಗೆ. "ಇವತ್ತ ಬರತೀನಿ."